ಹಸು ಮುಟ್ಟದ ಪೋಸ್ಟರ್

ಆ ಬೆಳಿಗ್ಗೆ ಕವನ ನಮ್ಮ ಮನೆಯ ಗೇಟು ತಳ್ಳಿದ ರಭಸಕ್ಕೆ ಅರ್ಧ ವಿನೋಬನಗರವೇ ಎದ್ದು ಕೂತಿರಬೇಕು. ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದ ನಾನು ಮೊರವನ್ನೇ ಕೈಬಿಟ್ಟೆ. ಹುಡುಗಿಯ ಕೈಯಲ್ಲಿ ಗೋಡೆಯಿಂದ ಕೆರೆದು ಕಿತ್ತ ಪೋಸ್ಟರಿನ ಚೂರಿತ್ತು. ಉಗುರಿನ ತುದಿಗಳಲ್ಲಿ ರಕ್ತ ಒಣಗಿತ್ತು.

"ಶಮ್ಸುನ್ನೀಸಾ ಮೇಡಂ ಇದಾರಾ ಅಜ್ಜಿ?"

"ಇದಾಳೆ. ಮಹಡಿ ಮೇಲೆ ಗಿಡಗಳ ವಿಚಾರಣೆ ಮಾಡ್ತಾ ಇದಾಳೆ. ಯಾವ ಎಲೆ ಯಾಕೆ ಹಳದಿ ಆಯ್ತು ಅಂತ ಬಾಯಿ ಬಿಡಿಸ್ದೆ ಅವಳಿಗೆ ತಿಂಡಿ ಸೇರಲ್ಲ."

ಶಮ್ಸುನ್ನೀಸಾ ಮಹಿಳಾ ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತಳಾದವಳು, ನನ್ನ ಮಹಡಿ ಮನೆಯ ಬಾಡಿಗೆದಾರಳು. ಅವಳು ಒಮ್ಮೆ ದಿಟ್ಟಿಸಿದರೆ ಕಳ್ಳ ತಾನು ಕದಿಯದ ಮಾಲನ್ನೂ ತಂದೊಪ್ಪಿಸುತ್ತಿದ್ದ ಎನ್ನುತ್ತಾರೆ. ಎನ್ನುತ್ತಾರೆ ಎಂದರೆ, ನಾನೇ ಎನ್ನುತ್ತೇನೆ. ನನ್ನ ಗಂಡ ತೀರಿಕೊಂಡ ಮೇಲೆ ನನಗೂ ಮಾಡಲು ಬೇರೆ ಕೆಲಸವಿಲ್ಲ. ಅವಳು ಎಲ್ಲಿಗೆ ಹೊರಟರೂ ಚೀಲ ಹಿಡಿದು ಹಿಂದೆ ಹೊರಡುತ್ತೇನೆ.

ಮಹಡಿಯ ಮೆಟ್ಟಿಲ ಮೇಲೆಯೇ ಕೂತು ಕವನ ವಿಷಯ ಹೇಳಿದಳು. ಅವಳು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುವ ಹುಡುಗಿ. ಅಪ್ಪ ಚೌಡಪ್ಪ ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡವನು. ಬೀದಿಯ ನಲ್ಲಿಯಲ್ಲಿ ಚರಂಡಿ ವಾಸನೆಯ ನೀರು ಬರುವುದನ್ನು ನೋಡಿ ನೋಡಿ ರೋಸಿಹೋಗಿ ನಗರಸಭೆ ಚುನಾವಣೆಗೆ ನಿಂತಿದ್ದಳು. ನಿಂತದ್ದು ಹೇಗೆಂದಿರಿ? ಪಕ್ಷವಿಲ್ಲ, ದೇಣಿಗೆಯಿಲ್ಲ, ಯಾವ ಮುಖಂಡನ ಬೆಂಬಲವೂ ಇಲ್ಲ. ಪೋಸ್ಟರಿಲ್ಲ, ಮೈಕಿಲ್ಲ. ಟ್ಯೂಷನ್ ಮಕ್ಕಳ ಸ್ಲೇಟಿನ ಮೇಲೆ ಹೆಸರು ಬರೆದು ಹಿಡಿದುಕೊಂಡು ಮನೆಮನೆ ತಿರುಗುವುದು. ಕುಡಿಯುವ ನೀರನ್ನೂ ಬಾಟಲಿಯಲ್ಲಿ ಮನೆಯಿಂದಲೇ ಒಯ್ಯುವುದು.

"ಎಲ್ಲಾ ಮನೇಲೂ ಒಂದೇ ಮಾತು ಹೇಳಿದೀನಿ ಮೇಡಂ. ನಂಗೆ ಯಾರದ್ದಾದ್ರೂ ಬೆಂಬಲ ಇದೆ ಅಂತ ಒಂದು ಚೀಟಿ ಕಂಡ್ರೂ ನಂಗೆ ಓಟು ಹಾಕ್ಬೇಡಿ ಅಂತ. ಇವತ್ತು ಎದ್ದು ನೋಡಿದ್ರೆ ಬೀದಿ ತುಂಬಾ ಇದೇ!"

ಶಮ್ಸು ಆ ಚೂರನ್ನು ಮೊಣಕಾಲ ಮೇಲೆ ಹರಡಿಕೊಂಡಳು. ಇಡೀ ಪೋಸ್ಟರಿನಲ್ಲಿ ಇದ್ದದ್ದು ಇಷ್ಟೇ: 'ಕವನ ಚೌಡಪ್ಪ ಅವರಿಗೆ ಓಲ್ಡ್ ಟೌನ್ ವರ್ತಕರೆಲ್ಲರ ಬೆಂಬಲ.' ಮುದ್ರಿಸಿದವರ ಹೆಸರಿಲ್ಲ, ಹಾಕಿಸಿದವರ ಹೆಸರಿಲ್ಲ.

"ಚುನಾವಣಾಧಿಕಾರಿ ಯೋಗರಾಜ್ ಸಾಹೇಬ್ರು ನೋಟಿಸ್ ಕೊಟ್ಟಿದಾರೆ. ಸಂಜೆ ಐದಕ್ಕೆ ಪ್ರಚಾರ ಮುಗಿಯುತ್ತೆ. ಅಷ್ಟರೊಳಗೆ ಇದು ಯಾರ ಕೆಲಸ ಅಂತ ಗೊತ್ತಾಗ್ಲಿಲ್ಲಾಂದ್ರೆ ನಂದೇ ಖರ್ಚು ಅಂತ ಬರ್ಕೊಳ್ತಾರಂತೆ. ಬರ್ಕೊಳ್ಳಿ. ಅದಕ್ಕಿಂತ ಮೊದ್ಲು ನಾನೇ ಮಾರ್ಕೆಟ್ಟಲ್ಲಿ ನಿಂತು, ನಂಗೆ ಓಟು ಹಾಕ್ಬೇಡಿ ಅಂತ ಹೇಳ್ತೀನಿ. ಮಾತು ಅಂದ್ರೆ ಮಾತು."

"ಬೇರೆಯವ್ರು ಗೆಲ್ಲೋಕೆ ಸುಳ್ಳು ಹೇಳಿದ್ರೆ, ನೀನು ಸೋಲೋಕೆ ನಿಜ ಹೇಳ್ತೀಯಲ್ಲೇ ಮಾರಾಯ್ತಿ!" ಎಂದೆ. ಹುಡುಗಿ ನಗಲಿಲ್ಲ. ಕಣ್ಣು ಕೆಂಪಗಿತ್ತು.

ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ಶಮ್ಸು ಅವಳನ್ನು ಒಂದೇ ಪ್ರಶ್ನೆ ಕೇಳಿದಳು. "ಓಟು ಕೇಳೋಕೆ ಹೋದಾಗ ಯಾರ ಮನಸ್ಸಿಗಾದ್ರೂ ನೋವಾಯ್ತಾ?"

ಕವನ ಯೋಚಿಸಿ ಹೇಳಿದಳು. ಎದುರಾಳಿ ರುದ್ರೇಶ್, ಅಡಿಕೆ ಮಂಡಿಯ ಯಜಮಾನ, ಅವಳ ಸ್ಲೇಟು ನೋಡಿ ಗೇಲಿ ಮಾಡಿದ್ದ. ಚಿಕ್ಕಪ್ಪನ ಮಗ ಸುನಿಲ್ ಬಂಗಾರದ ಅಂಗಡಿಯವರಿಂದ ದುಡ್ಡು ತಂದಿದ್ದ. ಇವಳು ಹಿಂದಿರುಗಿಸಿದ್ದಕ್ಕೆ ಒಂದು ವಾರ ಮಾತು ಬಿಟ್ಟಿದ್ದ. "ಮತ್ತೆ ಎಲ್ಲರ ಮನೇಲೂ ಟೀ ಬೇಡ ಅಂದೆ. ಪುಸ್ತಕಕ್ಕೆ ರಟ್ಟು ಕಟ್ಟೋ ಸಯೀದ್ ಚಾಚಾ ಮಾತ್ರ ಕಪ್ಪಲ್ಲಿದ್ದ ಟೀನ ಬಾಗಿಲಾಚೆ ಚೆಲ್ಲಿಬಿಟ್ರು. ಬಟ್ಟೆ ಅಂಗಡಿ ಅಕ್ಕ ಒಂದು ದಿನ ಮುಖ ತಿರುಗಿಸ್ಕೊಂಡಿದ್ರು. ಆಮೇಲೆ ಸರಿಹೋದ್ರು."

"ಮುಖ ತಿರುಗಿಸ್ದೆ ಏನ್ಮಾಡ್ತಾರೆ?" ಎಂದೆ ನಾನು. "ಬಾಗಿಲಿಗೆ ಬಂದೋಳು ಒಂದು ಗುಟುಕು ನೀರೂ ಮುಟ್ದೆ ಹೋದ್ರೆ, ಆ ಮನೇಲಿ ಏನಾದ್ರೂ ಸೂತಕವಾ ಅಂತ ಅಕ್ಕಪಕ್ಕದೋರು ಕೇಳ್ತಾರೆ. ನಮ್ಮನೇಲಿ ಹಂಗೆ ಮಾಡಿದ್ರೆ ನಾನು ಮೂಗು ಹಿಡಿದು ಕುಡಿಸ್ತಿದ್ದೆ."

ಶಮ್ಸು ಕಿಟಕಿಯಾಚೆ ನೋಡುತ್ತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ಎಂದುಕೊಂಡೆ. ಅವಳಿಗೆ ಎಲ್ಲವೂ ಕೇಳಿಸುತ್ತದೆ.

ಓಲ್ಡ್ ಟೌನಿನ ಮಾರ್ಕೆಟ್ ರಸ್ತೆಗೆ ಕಾಲಿಟ್ಟಾಗ ಜಾತ್ರೆಯ ಹಾಗೆ ಜನ, ಆದರೆ ಸದ್ದೇ ಇಲ್ಲ. ಆ ಬಗೆಯ ಮೌನ ನನಗೆ ಆಗುವುದಿಲ್ಲ. ರುದ್ರೇಶನ ಚುನಾವಣಾ ಕಚೇರಿಯ ಮುಂದೆ ಸುನಿಲ್ ಹತ್ತಿಪ್ಪತ್ತು ಹುಡುಗರನ್ನು ಕಟ್ಟಿಕೊಂಡು ನಿಂತಿದ್ದ. ಒಳಗಿನಿಂದ ರುದ್ರೇಶನ ಕಡೆಯವರು ದೊಣ್ಣೆ ಹಿಡಿದು ನೋಡುತ್ತಿದ್ದರು. ಅಂಗಡಿಗಳ ಷಟರುಗಳು ಅರ್ಧಕ್ಕೆ ಇಳಿದಿದ್ದವು.

ಶಮ್ಸು ಅವರ ಕಡೆ ನೋಡಲೂ ಇಲ್ಲ. ನೆಟ್ಟಗೆ ಗೋಡೆಯ ಹತ್ತಿರ ಹೋದಳು. ಅಲ್ಲಿ ರುದ್ರೇಶನ ಬಣ್ಣದ ಪೋಸ್ಟರುಗಳಿದ್ದವು ಎನ್ನುವುದಕ್ಕಿಂತ, ಹಿಂದೆ ಇದ್ದವು ಎನ್ನುವುದಕ್ಕೆ ಗುರುತಿತ್ತು ಎನ್ನಬೇಕು. ಒಂದರಲ್ಲಿ ಕಿವಿ ಉಳಿದಿತ್ತು, ಇನ್ನೊಂದರಲ್ಲಿ ಮುಗಿದ ಕೈ. ಭದ್ರಾವತಿಯ ಹಸುಗಳಿಗೆ ಮೈದಾ ಅಂಟೆಂದರೆ ಹೋಳಿಗೆ ಇದ್ದ ಹಾಗೆ. ಯಾವ ಪಕ್ಷ ಎಂದು ಕೇಳದೆ ಎಲ್ಲರನ್ನೂ ಸಮಾನವಾಗಿ ತಿನ್ನುತ್ತವೆ. ಆದರೆ ಪಕ್ಕದಲ್ಲೇ ಅಂಟಿಸಿದ್ದ ಕವನಳ ಪೋಸ್ಟರು ಮದುಮಗಳ ಹಾಗೆ ಸುಕ್ಕಿಲ್ಲದೆ ನಿಂತಿತ್ತು. ನಾವು ನೋಡುತ್ತಿರುವಾಗಲೇ ಒಂದು ಕೆಂದ ಹಸು ಬಂದು ಅದನ್ನು ಮೂಸಿತು, ಮೂತಿ ಕೊಡವಿ ಮುಂದೆ ಹೋಯಿತು.

"ಹಸುಗೂ ಕವನಳ ಪ್ರತಿಜ್ಞೆ ಗೊತ್ತಾಗಿದೆ ನೋಡು," ಎಂದೆ.

"ಬಾಯಿ ಮುಚ್ಚು ಕಾಶಕ್ಕ. ಕಣ್ಣು ಬಿಟ್ಟು ನೋಡು," ಎಂದಳು ಶಮ್ಸು. "ಮೂಲೆ ನೋಡು. ಒಂದಾದ್ರೂ ಎದ್ದಿದ್ಯಾ? ಗುಳ್ಳೆ ಇದ್ಯಾ? ರುದ್ರೇಶನ ಪೋಸ್ಟರ್ ಮೇಲೆ ಒಂದಾದ್ರೂ ಅಂಟಿಸಿದ್ದಾರಾ?"

ಇರಲಿಲ್ಲ. ಬೀದಿಯುದ್ದಕ್ಕೂ ನೋಡಿದೆವು. ಪ್ರತಿಯೊಂದೂ ಖಾಲಿ ಜಾಗ ಹುಡುಕಿ ಅಂಟಿಸಿದ್ದು. ಅಕ್ಷರಗಳನ್ನು ಬೆರಳಿಂದ ಸವರಿ ಶಮ್ಸು, "ಇದು ಪ್ರೆಸ್ಸಲ್ಲಿ ಆಗಿದ್ದಲ್ಲ. ಏನನ್ನೋ ಅಕ್ಷರದ ಆಕಾರಕ್ಕೆ ಕೊರೆದು, ಮೇಲಿಂದ ಬಣ್ಣ ಒತ್ತಿದಾರೆ," ಎಂದಳು. ಆಮೇಲೆ ಪೋಸ್ಟರಿನ ಅಂಚಿನಲ್ಲಿ ಒಣಗಿದ್ದ ಅಂಟನ್ನು ಉಗುರಿನಿಂದ ಕೆರೆದು ಬಿಸಿಲಿಗೆ ಹಿಡಿದಳು. ಬಿಳಿ ಪುಡಿಯಲ್ಲಿ ತಿಳಿ ನೀಲಿ.

"ಮೈಲುತುತ್ತ," ಎಂದೆ. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯುವ ಆ ನೀಲಿ ಹರಳು ಈ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ನನ್ನ ಗಂಟಲು ನಿಮಗೆ ಗೊತ್ತಿಲ್ಲ. ನಾನು ಪಿಸುಗುಟ್ಟಿದರೂ ಭದ್ರಾ ನದಿಯ ಆಚೆ ದಡಕ್ಕೆ ಕೇಳುತ್ತದೆ.

ಸುನಿಲ್‌ಗೆ ಕೇಳಿಸಿಯೇಬಿಟ್ಟಿತು. "ಮೈಲುತುತ್ತನಾ? ರುದ್ರೇಶನ ಗೋಡೌನಲ್ಲಿ ಮೂಟೆಗಟ್ಲೆ ಬಿದ್ದಿದೆ! ನಾನ್ ಹೇಳ್ಲಿಲ್ವಾ, ಇವನದೇ ಕಿತಾಪತಿ ಅಂತ!"

ಎಲ್ಲಿಂದಲೋ ಒಂದು ಕಲ್ಲು ಹಾರಿತು. ಕಚೇರಿಯ ಕಿಟಕಿಯ ಗಾಜು ಪುಡಿಯಾಯಿತು. ಒಳಗಿನ ದೊಣ್ಣೆಗಳು ಹೊರಗೆ ಬಂದವು. ಕವನ "ಬೇಡ ಸುನಿ!" ಎಂದು ಕೂಗಿದ್ದು ಯಾರಿಗೂ ಕೇಳಲಿಲ್ಲ. ನಾನು ಚೀಲವನ್ನು ತಲೆಗೆ ಅಡ್ಡ ಹಿಡಿದು ಒಂದು ಷಟರಿನ ಮರೆಗೆ ಸರಿದೆ, ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಶಮ್ಸು ಎರಡು ಗುಂಪಿನ ನಡುವೆ ಹೋಗಿ ನಿಂತಳು. ಕೂಗಲಿಲ್ಲ. "ಕಲ್ಲು ಎಸೆದೋನ ಶರ್ಟು ನೋಡಿದೀನಿ. ಇನ್ನೊಂದು ಕಲ್ಲು ಎದ್ರೆ ಅವನ ಹೆಸರನ್ನೂ ನೋಡ್ತೀನಿ," ಎಂದಳು. "ಈ ಊರಲ್ಲಿ ತಪ್ಪು ಹೆಸರು ಒಂದ್ಸಲ ಬಾಯಿಂದ ಬಿತ್ತು ಅಂದ್ರೆ ಎಷ್ಟು ಮನೆ ಉರಿಯುತ್ತೆ ಅಂತ ನಾನು ಡ್ಯೂಟಿಲಿ ನೋಡಿದೀನಿ. ಐದರೊಳಗೆ ಸರಿಯಾದ ಹೆಸರು ನಾನು ಹೇಳ್ತೀನಿ. ಅಲ್ಲೀವರ್ಗೂ ಯಾರೂ ಯಾರ ಹೆಸರೂ ಎತ್ಬೇಡಿ."

ರುದ್ರೇಶ್ ಮುಂದೆ ಬಂದ. ಬಿಳಿ ಪಂಚೆ, ಮುಖದಲ್ಲಿ ಬೆವರು. "ಮೇಡಂ, ನಾನು ತೋಟಕ್ಕೆ ಮೈಲುತುತ್ತ ಇಟ್ಕೊಂಡಿರೋದು ಅಪರಾಧನಾ?"

"ಅಲ್ಲ. ನಾಲ್ಕು ಗಂಟೆಗೆ ಕವನನ ಟ್ಯೂಷನ್ ಕೋಣೆಗೆ ಬನ್ನಿ. ಮೈದಾ ಅಂಟು ತರಿಸಿ, ನಿಮ್ಮ ಹುಡುಗರು ಕಾಯಿಸೋದೇ."

ನಾಲ್ಕಕ್ಕೆ ಆ ಪುಟ್ಟ ಕೋಣೆಯಲ್ಲಿ ಮಕ್ಕಳ ಮಣೆಗಳ ಮೇಲೆ ದೊಡ್ಡವರು ಮಂಡಿ ಮಡಚಿ ಕೂತಿದ್ದರು. ಅಧಿಕಾರಿ ಯೋಗರಾಜ್ ಗಡಿಯಾರ ನೋಡುತ್ತಿದ್ದರು. ರುದ್ರೇಶ್ ಒಂದು ಗೋಡೆಗೆ, ಸುನಿಲ್ ಎದುರು ಗೋಡೆಗೆ. ಪೋಸ್ಟರಿನಲ್ಲಿ ವರ್ತಕರ ಹೆಸರು ಬಂದಿದ್ದರಿಂದ ಶಮ್ಸು ವರ್ತಕರ ಪರವಾಗಿ ಇಬ್ಬರಿಗೆ ಬರಹೇಳಿದ್ದಳು: ಬಟ್ಟೆ ಅಂಗಡಿಯ ಧನಲಕ್ಷ್ಮಿ, ರಟ್ಟು ಕಟ್ಟುವ ಸಯೀದ್ ಸಾಹೇಬರು. ಸಯೀದ್ ಸಾಹೇಬರು ಬೆಳ್ಳಗಿನ ಗಡ್ಡದ, ಮಿತಭಾಷಿ ಮನುಷ್ಯ. ಬಾಗಿಲ ಪಕ್ಕ ಕೂತಿದ್ದರು. ಹೊರಗೆ ಜನ ಗುಜುಗುಜು ಎನ್ನುತ್ತಿದ್ದರು. ಕವನ ಸ್ಲೇಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅದರ ಮೇಲಿನ ತನ್ನ ಹೆಸರನ್ನು ಆಗಲೇ ಒರೆಸಿದ್ದಳು.

ಶಮ್ಸು ಅಂಟಿನ ಡಬ್ಬಿಯನ್ನು ಸುನಿಲ್ ಮುಂದೆ ಇಟ್ಟಳು. "ಒಂದು ಹಾಳೆ ಗೋಡೆಗೆ ಅಂಟಿಸಪ್ಪಾ."

ಅವನು ಸಿಟ್ಟಿನಿಂದಲೇ ಅಂಟು ಬಳಿದು ಹಾಳೆ ಬಡಿದ. ನಡುವೆ ಬೋಂಡಾದಷ್ಟು ದಪ್ಪ ಗುಳ್ಳೆಗಳು, ಒಂದು ಮೂಲೆ ನಾಯಿಕಿವಿಯ ಹಾಗೆ ಇಳಿಬಿತ್ತು. ರುದ್ರೇಶನೂ ಅಂಟಿಸಿದ. ಅವನದು ಸೊಟ್ಟಗೆ.

"ಇದೇನು ಡ್ರಾಯಿಂಗ್ ಕ್ಲಾಸಾ ಮೇಡಂ?" ಯೋಗರಾಜ್ ಸಿಡುಕಿದರು. "ಟೈಮ್ ಆಗ್ತಾ ಇದೆ."

"ಆಗ್ಲಿ ಸಾರ್. ಒಂದೊಂದೇ ಹೇಳ್ತೀನಿ," ಎಂದು ಶಮ್ಸು ಗೋಡೆಗೆ ಬೆನ್ನು ಮಾಡಿ ನಿಂತಳು. "ಮೊದಲು ರುದ್ರೇಶ್. ಅವರ ಹತ್ರ ಮೈಲುತುತ್ತ ಇದೆ, ಕವನನ್ನ ಕಂಡ್ರೆ ಆಗಲ್ಲ. ಎಲ್ಲಾ ಸರಿ. ಆದ್ರೆ ಅಂಟಿಗೆ ಮೈಲುತುತ್ತ ಹಾಕಿದ್ರೆ ದನ ಮುಟ್ಟಲ್ಲ ಅನ್ನೋದು ಇವರಿಗೆ ಗೊತ್ತಿದ್ದಿದ್ರೆ, ಮೊದಲು ಯಾರ ಪೋಸ್ಟರಿಗೆ ಹಾಕ್ತಿದ್ರು?"

ರುದ್ರೇಶ್ ಪಂಚೆಯ ತುದಿಯಿಂದ ಬೆವರು ಒರೆಸಿಕೊಂಡ. "ಅರ್ಧ ಲೋಡು ಪೋಸ್ಟರ್ ದನದ ಹೊಟ್ಟೆಗೆ ಹೋಯ್ತಲ್ಲ ಮೇಡಂ," ಎಂದು ಗೊಣಗಿದ.

"ಕಿವಿ ಮಾತ್ರ ಉಳಿದಿದೆ," ಎಂದು ನಾನು ಸಮಾಧಾನ ಹೇಳಿದೆ.

"ಎರಡನೇದು," ಎಂದಳು ಶಮ್ಸು. "ಕೆಡುಕು ಮಾಡೋಕೆ ಬಂದೋನು ಎದುರಾಳಿ ಮುಖದ ಮೇಲೇ ಅಂಟಿಸ್ತಾನೆ. ಆಗ ಜಗಳ ತಾನಾಗೇ ಹತ್ಕೊಳ್ಳುತ್ತೆ. ಇಲ್ಲಿ ಒಂದನ್ನೂ ಯಾರ ಮೇಲೂ ಅಂಟಿಸಿಲ್ಲ. ಅಂದ್ರೆ ಇದು ವೈರಿ ಕೆಲಸ ಅಲ್ಲ. ಕವನ ಗೆಲ್ಲಲಿ ಅಂತ ಬಯಸೋರ ಕೆಲಸ."

ಎಲ್ಲರ ಕಣ್ಣೂ ಸುನಿಲ್ ಕಡೆ ತಿರುಗಿತು. ಅವನ ಮುಖ ಬಿಳಿಚಿಕೊಂಡಿತು. "ಕವನಕ್ಕನ ಮೇಲಾಣೆ, ನಾನಲ್ಲ!"

"ನೀನಲ್ಲ ಅಂತ ಆ ಗುಳ್ಳೆಗಳೇ ಹೇಳ್ತಾ ಇದಾವೆ. ಬೀದೀಲಿರೋ ಒಂದು ಪೋಸ್ಟರಲ್ಲೂ ಗುಳ್ಳೆ ಇಲ್ಲ. ನಡುವಿಂದ ಅಂಚಿಗೆ ಗಾಳಿ ತಳ್ಳಿ, ಮೂಲೆ ಮೂಲೆ ಒತ್ತಿ ಕೂರಿಸಿದಾರೆ. ಅಕ್ಷರಾನ ದಪ್ಪ ರಟ್ಟಲ್ಲಿ ಕೊರೆದಿದಾರೆ, ಕತ್ತಿ ಎಲ್ಲೂ ಜಾರಿಲ್ಲ. ಪ್ರೆಸ್ಸಿಗೇ ಹೋಗಿಲ್ಲ, ಅದಕ್ಕೇ ಪ್ರೆಸ್ಸಿನ ಹೆಸರಿಲ್ಲ. ಇನ್ನು ಮೈಲುತುತ್ತ. ದನ ತಿನ್ದೇ ಇರ್ಲಿ ಅಂತ ಹಾಕಿದ್ದೇ ಅಲ್ಲ. ಅದು ಆ ಕಸುಬಿನೋರ ಅಂಟಲ್ಲಿ ಯಾವಾಗ್ಲೂ ಇರುತ್ತೆ, ಹಾಳೆಗೆ ಹುಳ ಹಿಡೀಬಾರ್ದು ಅಂತ. ಹಾಕಿದೋರಿಗೆ ಹಾಕಿದ ನೆನಪೂ ಇರಲ್ಲ, ನಾವು ಸಾರಿಗೆ ಉಪ್ಪು ಹಾಕಿದ ಹಾಗೆ."

ಅವಳು ಮಾತು ನಿಲ್ಲಿಸಿದಳು. ಯಾಕೆಂದು ನೋಡಿದರೆ, ಯಾರೂ ಅವಳತ್ತ ನೋಡುತ್ತಿರಲಿಲ್ಲ.

ಸಯೀದ್ ಸಾಹೇಬರು ಎದ್ದು ಗೋಡೆಯ ಹತ್ತಿರ ಹೋಗಿದ್ದರು. ಯಾವಾಗ ಎದ್ದರೋ ಅವರಿಗೇ ಗೊತ್ತಿರಲಿಲ್ಲ. ಸುನಿಲ್ ಅಂಟಿಸಿದ ಹಾಳೆಯ ಕೆಳಗಿನ ಅಂಚನ್ನು ಮೆಲ್ಲನೆ ಬಿಡಿಸಿ, ಜೇಬಿನಿಂದ ತಮ್ಮ ಕಸುಬಿನ ನುಣುಪಾದ ಮೂಳೆಯ ಪಟ್ಟಿ ತೆಗೆದು, ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ಸವರುತ್ತಿದ್ದರು. ಗುಳ್ಳೆಗಳು ಒಂದೊಂದಾಗಿ ಮಾಯವಾದವು. ಕೊನೆಗೆ ಹೆಬ್ಬೆರಳಿನಿಂದ ಮೂಲೆ ಒತ್ತುವಾಗ ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಅವರ ಗಮನಕ್ಕೆ ಬಂತು. ಕೈ ಅಲ್ಲಿಯೇ ನಿಂತಿತು.

"ಗುಳ್ಳೆ ಇತ್ತು," ಎಂದರು ಸಣ್ಣಗೆ.

"ಗೊತ್ತು ಭಾಯಿಜಾನ್," ಎಂದಳು ಶಮ್ಸು. "ನಿಮ್ಮ ಕೈ ಸುಮ್ನಿರಲ್ಲ ಅಂತಾನೇ ಅದನ್ನ ಹಂಗೆ ಬಿಟ್ಟಿದ್ದೆ."

ಕವನ ಎದ್ದಳು. ಸ್ಲೇಟು ನೆಲಕ್ಕೆ ಬಿತ್ತು. "ಚಾಚಾ? ನೀವಾ? ನನ್ನ ಮಾತು ಗೊತ್ತಿದ್ದೂ? ಇನ್ನರ್ಧ ಗಂಟೇಲಿ ನಾನು ಎಲ್ರ ಮುಂದೆ..."

ಸಯೀದ್ ಸಾಹೇಬರು ಮೂಳೆಯ ಪಟ್ಟಿಯನ್ನು ಕೈಯಲ್ಲಿ ತಿರುಗಿಸುತ್ತಾ ನಿಂತರು. "ಗೊತ್ತಿತ್ತು ಬೇಟಿ. ಬೆಂಬಲ ಬೇಡ ಅಂತೀಯ, ಬಾಯಿಮಾತಿಗೆ ಅಂತೀಯ ಅಂದ್ಕೊಂಡೆ. ಗೋಡೆ ಮೇಲೆ ಕಂಡ್ರೆ ಬೇಡ ಅನ್ನೋಕಾಗಲ್ಲ ಅಂದ್ಕೊಂಡೆ. ಇಷ್ಟು ದೂರ ಹೋಗುತ್ತೆ ಅಂತ ಖುದಾನ ಆಣೆ ಗೊತ್ತಿರ್ಲಿಲ್ಲ. ಬೆಳಿಗ್ಗೆ ಕಲ್ಲು ಬಿದ್ದ ಮೇಲೆ ಬಾಯೇ ಬರ್ಲಿಲ್ಲ. ನನ್ನ ಹೆಸರು ಅಂಥದ್ದು. ಆ ಹೊತ್ತಲ್ಲಿ ಹೇಳಿದ್ರೆ ಏನಾಗ್ತಿತ್ತೋ."

"ಆದ್ರೆ ಯಾಕೆ ಚಾಚಾ?"

"ನಿನ್ನ ಅಬ್ಬಾ ಚೌಡಪ್ಪ ನನ್ನ ಅಂಗಡೀಲಿ ಕೂತು ಟೀ ಕುಡೀದೆ ಮನೆಗೆ ಹೋದ ದಿನ ಇಲ್ಲ. ಪ್ರತಿ ಜೂನ್‌ನಲ್ಲಿ ನಿನ್ನ ಸ್ಕೂಲ್ ಪುಸ್ತಕಕ್ಕೆಲ್ಲಾ ನಾನೇ ರಟ್ಟು ಹಾಕ್ತಿದ್ದೆ. ಮೊನ್ನೆ ನೀನು ಬಾಗಿಲಲ್ಲೇ ನಿಂತು ಟೀ ಬೇಡ ಅಂದೆ. ಯಾರದೋ ಅಂಗಡಿಗೆ ಬಂದ ಹಾಗೆ." ಅವರು ಮೂಳೆಯ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡರು. "ಹೇಳು ಬೇಟಿ. ಆ ರಟ್ಟೆಲ್ಲಾ ದೇಣಿಗೇನಾ?"

ಕವನ ಬಗ್ಗಿ, ಬಿದ್ದ ಸ್ಲೇಟನ್ನು ಎತ್ತಿ, ಒರೆಸಿದ್ದನ್ನೇ ಮತ್ತೆ ಒರೆಸತೊಡಗಿದಳು, ಊರಿಗೆಲ್ಲಾ ಉತ್ತರ ಇಟ್ಟುಕೊಂಡಿದ್ದ ಹುಡುಗಿ.

ಯೋಗರಾಜ್ ಗಂಟಲು ಸರಿಮಾಡಿಕೊಂಡರು. "ಇವರು ಬರೆದುಕೊಟ್ರೆ ಸಾಕು. ಅಭ್ಯರ್ಥಿಗೆ ಗೊತ್ತಿಲ್ದೆ ತಾವೇ ಮಾಡಿದ್ದು ಅಂತ. ಮುಂದಿನ ಕ್ರಮ ಇವರ ಮೇಲೆ. ನೋಟಿಸ್ ವಾಪಸ್ ಆಗುತ್ತೆ."

"ಬರ್ಕೊಡ್ತೀನಿ ಸಾಬ್. ದಂಡನೂ ಕಟ್ತೀನಿ."

"ನೋಟಿಸ್ ಹೋಯ್ತು ಸರಿ," ಎಂದಳು ಕವನ. "ನನ್ನ ಮಾತು? ಗೋಡೆ ಮೇಲೆ ಇನ್ನೂ ಇದೆಯಲ್ಲ."

ಅವಳು ಒಂದು ಬಕೆಟ್ ನೀರು ಹಿಡಿದು ಬೀದಿಗೆ ಇಳಿದಳು. ನಾವೂ ಇಳಿದೆವು. ಆದರೆ ಸಯೀದ್ ಸಾಹೇಬರ ಅಂಟು! ಪ್ರಳಯ ಬಂದರೆ ಗೋಡೆ ಕೊಚ್ಚಿಹೋಗುತ್ತದೆ, ಪೋಸ್ಟರು ನಿಲ್ಲುತ್ತದೆ. ಬೆಳಿಗ್ಗೆ ಅವಳ ಉಗುರು ಕಿತ್ತುಬಂದದ್ದು ಸುಮ್ಮನೆ ಅಲ್ಲ. ಸಾಹೇಬರೇ ಬಂದು, "ಕೆರೀಬೇಡ, ಬಿಸಿನೀರಲ್ಲಿ ಗೋಣಿ ನೆನೆಸಿ ಒತ್ತಿ ಹಿಡಿ," ಎಂದು ತೋರಿಸಿದರು. ಹಾಗೆ ಒಂದು ಬಿಡಿಸುವಷ್ಟರಲ್ಲಿ ಗಡಿಯಾರ ಓಡಿತು. ಬೀದಿ ತುಂಬಾ ಇನ್ನೂ ಉಳಿದಿದ್ದವು.

ಧನಲಕ್ಷ್ಮಿ ತನ್ನ ಅಂಗಡಿಯಿಂದ ಹಂಡೆ ಹೊತ್ತು ತಂದಳು. ಕವನ ಕೈ ಅಡ್ಡ ಹಿಡಿದಳು. "ಬೇಡ ಅಕ್ಕ. ಅದೂ ಸಹಾಯನೇ ಆಗುತ್ತೆ."

"ನಿಂಗ್ಯಾರೇ ಸಹಾಯ ಮಾಡ್ತಿರೋದು? ನನ್ನ ಗೋಡೆ ನಾನು ತೊಳ್ಕೊಂಡ್ರೆ ನಿನ್ನಪ್ಪನ ಗಂಟೇನು ಹೋಯ್ತು?" ಎಂದು ಧನಲಕ್ಷ್ಮಿ ಗೋಣಿ ಬಡಿದಳು.

ಪಕ್ಕದ ಅಂಗಡಿಯವನೂ ತನ್ನ ಗೋಡೆ ತೊಳೆಯತೊಡಗಿದ. ಅವನ ಪಕ್ಕದವನೂ. ಷಟರುಗಳು ಒಂದೊಂದಾಗಿ ಮೇಲೆದ್ದವು. ಬೆಳಿಗ್ಗೆ ದೊಣ್ಣೆ ಹಿಡಿದಿದ್ದ ಹುಡುಗರ ಕೈಗೆ ರುದ್ರೇಶ್ ತಾನೇ ಗೋಣಿ ಕೊಟ್ಟು, "ನೋಡ್ತೀರೇನ್ರೋ, ನಮ್ಮ ಆಫೀಸಿನ ಗೋಡೆ ಗಲೀಜಾಗಿಲ್ವಾ?" ಎಂದು ಗದರಿದ. ಕವನ ನಡುರಸ್ತೆಯಲ್ಲಿ ನಿಂತು ನೋಡುತ್ತಿದ್ದಳು. ಬೇಡವೆನ್ನಲು ಅವಳಿಗೆ ಯಾರೂ ಏನನ್ನೂ ಕೊಡುತ್ತಿರಲಿಲ್ಲ.

ನಗರಸಭೆಯ ಐದು ಗಂಟೆಯ ಸೈರನ್ ಕೂಗಿದಾಗ ಓಲ್ಡ್ ಟೌನಿನ ಗೋಡೆಗಳು ಮದುವೆ ಮನೆಯ ಹಾಗೆ ಬೆಳ್ಳಗಿದ್ದವು. ಆ ಚುನಾವಣೆಯಲ್ಲಿ ಅವಳು ಗೆದ್ದಳು. ಎಷ್ಟರಿಂದ ಎಂದು ನನ್ನನ್ನು ಕೇಳಿದರೆ ಲಕ್ಷ ಓಟು ಎನ್ನುತ್ತೇನೆ. ಶಮ್ಸು ಹನ್ನೊಂದು ಎನ್ನುತ್ತಾಳೆ. ಅವಳಿಗೆ ಕತೆ ಹೇಳಲು ಬರುವುದಿಲ್ಲ.

ಆದರೆ ಅದು ಆಮೇಲಿನ ಮಾತು. ಆ ಸಂಜೆ ಸೈರನ್ ನಿಂತ ಮೇಲೆ ಕವನ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ನೆಟ್ಟಗೆ ಸಯೀದ್ ಸಾಹೇಬರ ಅಂಗಡಿಗೆ ನಡೆದಳು. ಬಾಗಿಲಲ್ಲಿ ನಿಲ್ಲಲಿಲ್ಲ. ಒಳಗೆ ಹೋಗಿ, ರಟ್ಟಿನ ರಾಶಿಯ ಪಕ್ಕ, ಅಪ್ಪ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತಳು.

"ಐದಾಯ್ತು ಚಾಚಾ. ಇನ್ನು ನಾನು ಯಾರ ಹತ್ರನೂ ಓಟು ಕೇಳೋ ಹಾಗಿಲ್ಲ," ಎಂದಳು. "ಟೀ ಕೊಡಿ."

ಸಾಹೇಬರು ಕಪ್ಪನ್ನು ಬಿಟ್ಟು ಅವಳನ್ನೇ ನೋಡುತ್ತಾ ಸುರಿದರು, ಅರ್ಧ ಟೀ ಬಸಿಗೇ ಬಿತ್ತು. ಅವಳು ಕಪ್ಪಿನಲ್ಲಿದ್ದದ್ದನ್ನು ಕುಡಿದಳು. ಆಮೇಲೆ ಬಸಿ ಎತ್ತಿ ಅದನ್ನೂ ಕುಡಿದಳು.